ಹಳೆಯ ಆರ್ಗನ್ ಪೈಪು ಕೊಳ್ಳುವ ಸಭೆಗಳಿಗೆ ಎಚ್ಚರಿಕೆ

ಮುಂಬಯಿ, ಪುಣೆಯ ಯಾವ ಚರ್ಚ್ ಸಭೆಯವರಾದರೂ, ಗಾಳಿ ಊದಿ ಪೈಪುಗಳನ್ನು ನುಡಿಸುವ ವಾದ್ಯವಾದ ಪೈಪ್ ಆರ್ಗನ್‌ಗೆ ಹಳೆಯ ಪೈಪು ಸೇರಿಸುವ ಯೋಚನೆಯಲ್ಲಿದ್ದರೆ ಮುಂಗಡ ಕೊಡುವ ಮೊದಲು ಇದನ್ನು ಓದಿ. ಮುಂಬಯಿಯ ನಮ್ಮ ಸಭೆಯ ಆರ್ಗನ್‌ಗೆ ಇಂಗ್ಲೆಂಡಿನ ಮುಚ್ಚಿದ ಚರ್ಚೊಂದರ ಮೂರು ಸಾಲು (ಕೀಬೋರ್ಡಿನ ಪ್ರತಿ ಮನೆಗೆ ಒಂದರಂತೆ, ಒಂದೇ ಬಗೆಯ ನಾದದ ಪೈಪುಗಳು) ಸೇರಿಸಲಾಯಿತು: 8 ಅಡಿಯ ಓಪನ್ ಡಯಾಪೇಸನ್, 4 ಅಡಿಯ ಪ್ರಿನ್ಸಿಪಲ್, 2 ಅಡಿಯ ಫಿಫ್ಟೀನ್ತ್. ಹಣ ಹೋಯಿತು, ಚೆನ್ನಾಗಿದ್ದ ಹಳೆಯ ಸಾಲುಗಳೂ ಕೆಟ್ಟವು. ಮಾರಿದವರು, ಜೋಡಿಸಿದವರು ಒಬ್ಬರೇ. ಅವರ ಹೆಸರು ಇಲ್ಲಿ ಬೇಡ.

ಮೊದಲ ಪೆಟ್ಟು ಶ್ರುತಿಯದು. ವಿಕ್ಟೋರಿಯಾ ಕಾಲದ ಎಷ್ಟೋ ಇಂಗ್ಲಿಷ್ ಆರ್ಗನ್‌ಗಳು ಈಗಿನ ಎ ಸ್ವರ = 440 ಹರ್ಟ್ಸ್ ಶ್ರುತಿಯವಲ್ಲ, 452ರ ಆಸುಪಾಸು. ಅಂದರೆ ಅರ್ಧ ಸ್ವರಾಂತರದ ಅರ್ಧದಷ್ಟು ಮೇಲೆ. ಅದನ್ನು ಇಳಿಸಲು 8 ಅಡಿಯ ಪೈಪನ್ನು ಸುಮಾರು 7 ಸೆಂ.ಮೀ. ಉದ್ದ ಮಾಡಬೇಕು. ಜೋಡಿಸಿದವರು ತುದಿಗೆ ತಗಡಿನ ಪಟ್ಟಿ ಸುತ್ತಿದರು. ಪಟ್ಟಿ ಸಡಿಲವಾಗಿ ಪೈಪುಗಳು ಝುಂಯ್‌ಗುಟ್ಟತೊಡಗಿದವು. ಸರಿಯಾದ ದಾರಿ ಬೇರೆ: ಪ್ರತಿ ಪೈಪನ್ನೂ ಒಂದು ಮನೆ ಮೇಲಕ್ಕೆ ಸರಿಸಿ (ಸಿ ಪೈಪು ಸಿ ಶಾರ್ಪ್ ಜಾಗಕ್ಕೆ), ಆಮೇಲೆ ತುದಿಯನ್ನು ಸ್ವಲ್ಪ ಕತ್ತರಿಸುವುದು. ಕೆಳಗಿನ ಸಿ ಒಂದನ್ನು ಹೊಸದಾಗಿ ಮಾಡಿಸಬೇಕು, ಪೈಪು ಹಿಡಿಯುವ ಹಲಗೆಯ ತೂತುಗಳನ್ನು ಅಗಲಿಸಬೇಕು.

ಫೋನಿನ ಟ್ಯೂನರ್ ತೋರಿಸುವ ಅಂಕಿಯನ್ನಷ್ಟೇ ನಂಬಬೇಡಿ. ಒಂದು ಡಿಗ್ರಿ ಸೆಲ್ಸಿಯಸ್ ಸೆಕೆ ಏರಿದರೆ ಶ್ರುತಿ ಸುಮಾರು 3 ಸೆಂಟ್ (ಅರ್ಧ ಸ್ವರಾಂತರದ ನೂರನೇ ಒಂದು ಪಾಲು ಒಂದು ಸೆಂಟ್) ಏರುತ್ತದೆ. 15 ಡಿಗ್ರಿಯಲ್ಲಿ 440 ನುಡಿಯುವ ಪೈಪು 30 ಡಿಗ್ರಿಯಲ್ಲಿ 451ರ ಹತ್ತಿರ ನುಡಿಯುತ್ತದೆ. ಮಾರುವವರ ಪೈಪು, ನಿಮ್ಮ ಪೈಪು ಎರಡನ್ನೂ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ ಊದಿಸಿ ಹೋಲಿಸಿ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಗಾಳಿಯ ಒತ್ತಡ. ನಮ್ಮ ಆರ್ಗನ್ 75 ಮಿ.ಮೀ. ನೀರಿನ ಒತ್ತಡದ್ದು, ಬಂದ ಪೈಪುಗಳು 100 ಮಿ.ಮೀ.ಗೆ ಹದಮಾಡಿದವು. ಅವುಗಳ ಬಾಯಿ (ಸ್ವರ ಹುಟ್ಟುವ ಸೀಳು) ಎತ್ತರಕ್ಕೆ ಕೊಯ್ದಿರುತ್ತದೆ. ಕಡಿಮೆ ಗಾಳಿಯಲ್ಲಿ ತಡವಾಗಿ, ಮಂಕಾಗಿ ನುಡಿಯುತ್ತವೆ. ಅದಕ್ಕೆ ಗಾಳಿ ತುಂಬಿಡುವ ತಿದಿಯ ಮೇಲೆ ಇಟ್ಟಿಗೆ ಪೇರಿಸಿ ಒತ್ತಡ ಏರಿಸಿದರು. ತಕ್ಷಣ ನಮ್ಮ ಹಳೆಯ ಮುಚ್ಚು ಕೊಳಲುಗಳು (ತುದಿ ಮುಚ್ಚಿದ ಪೈಪುಗಳು) ಮೂಲಸ್ವರ ಬಿಟ್ಟು ಅದರ ಹನ್ನೆರಡನೆಯ ಸ್ವರಕ್ಕೆ ಹಾರಿದವು, ತಿದಿಯ ಚರ್ಮದ ಮಡಿಕೆಗಳು ಬಿರಿದವು. ಬಾಯಿಯನ್ನು ಇನ್ನಷ್ಟು ಕೊಯ್ಯಬಹುದು, ಆದರೆ ಕೊಯ್ದದ್ದನ್ನು ತಗ್ಗಿಸಲು ಹೊಸ ತುಟಿಯನ್ನೇ ಬೆಸುಗೆ ಹಾಕಬೇಕು. ಗಾರೆಯವರು ಮಟ್ಟ ನೋಡುವ ಪಾರದರ್ಶಕ ಕೊಳವೆಯನ್ನು ಯು ಆಕಾರಕ್ಕೆ ಬಗ್ಗಿಸಿ ನೀರು ತುಂಬಿ, ಒಂದು ತುದಿಯನ್ನು ಪೈಪು ನಿಲ್ಲುವ ತೂತಿಗೆ ಒತ್ತಿ ಹಿಡಿದರೆ ಎರಡು ಮಟ್ಟಗಳ ಅಂತರವೇ ಒತ್ತಡ. ಹೆಚ್ಚು ಖರ್ಚಿಲ್ಲದ ಈ ಪರೀಕ್ಷೆ ತಪ್ಪಿಸಬೇಡಿ.

ಪೈಪು ಎಣಿಸಿ. ಹಳೆಯ ಇಂಗ್ಲಿಷ್ ಸಾಲಿನಲ್ಲಿ 56 ಅಥವಾ 58 ಇರುತ್ತವೆ. ನಿಮ್ಮದು 61 ಮನೆಯಾದರೆ ಮೇಲಿನವು ಖಾಲಿ. ಅಮೆರಿಕದ ಬ್ಲೋವರ್ (ಗಾಳಿ ಊದುವ ಯಂತ್ರ) ಬೇಡವೇ ಬೇಡ: 60 ಹರ್ಟ್ಸ್‌ನ ಮೋಟಾರು ನಮ್ಮ 50 ಹರ್ಟ್ಸ್‌ನಲ್ಲಿ ಆರರಲ್ಲಿ ಐದು ಪಾಲು ವೇಗಕ್ಕೆ ಇಳಿಯುತ್ತದೆ, ಒತ್ತಡ ಸುಮಾರು 70 ಶೇಕಡಾಕ್ಕೆ. ಕೀಬೋರ್ಡಿಗೆ ಆನೆದಂತದ ಹೊದಿಕೆ ಇದ್ದರೆ ಕೊಳ್ಳಬೇಡಿ, ಇಲ್ಲಿ ದಂತದ ವ್ಯಾಪಾರಕ್ಕೆ ಕಾನೂನಿನ ನಿಷೇಧವಿದೆ.

ವಿಂಡ್‌ಚೆಸ್ಟಿನ (ಪೈಪುಗಳು ನಿಲ್ಲುವ ಗಾಳಿಪೆಟ್ಟಿಗೆಯ) ಸೀಳುಗಳಿಗೆ ಅಂಗಡಿಯ ಸಿಲಿಕೋನ್ ಸುರಿದದ್ದು ಇನ್ನೊಂದು ಅನಾಹುತ. ವಿನೆಗರ್ ವಾಸನೆಯ ಸಿಲಿಕೋನ್ ಅಸಿಟಿಕ್ ಆಮ್ಲ ಬಿಡುತ್ತದೆ. ಮಳೆಗಾಲದ ತೇವದಲ್ಲಿ ಆ ಆಮ್ಲ ಸೀಸ ಹೆಚ್ಚಿರುವ ಪೈಪಿನ ಪಾದವನ್ನು ತಿಂದು ಬಿಳಿ ಪುಡಿ ಮಾಡುತ್ತದೆ. ಆ ಪುಡಿ ವಿಷ: ಒಣ ಬ್ರಶ್ ಹಾಕಬೇಡಿ, ಕೈಗವಸು, ಎನ್95 ಮಾಸ್ಕ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಮಕ್ಕಳನ್ನು ದೂರವಿಡಿ. ಚರ್ಮಕ್ಕೆ ಬಿಳಿ ಫೆವಿಕಾಲ್ ಬೇಡ. ಮುಂದೆ ಬಿಚ್ಚಿ ಮತ್ತೆ ಅಂಟಿಸುವಾಗ ಅದರ ಮೇಲೆ ಬೇರೆ ಅಂಟು ಹಿಡಿಯುವುದಿಲ್ಲ. ಬಿಸಿ ಮಾಡಿ ಹಚ್ಚುವ, ಇಲ್ಲಿನ ಬಡಗಿಗಳ ಸರಸ್ ಅಂಟೇ ಸರಿ.

ಕೆಲಸ ಬೇಸಿಗೆಯಲ್ಲಿ ಮುಗಿದರೆ ಎಲ್ಲವೂ ಚೆಂದ ಕಾಣುತ್ತದೆ. ಸ್ಲೈಡರ್ (ಒಂದು ಸಾಲಿಗೆ ಗಾಳಿ ಬಿಡುವ, ತಡೆಯುವ ಮರದ ಪಟ್ಟಿ) ಉಬ್ಬಿ ಹಿಡಿಯುವುದು, ಮನೆಯಿಂದ ಬೆರಳು ತೆಗೆದರೂ ಸ್ವರ ನಿಲ್ಲದೆ ಊದುತ್ತಿರುವುದು ಜೂನ್ ನಂತರವೇ ಗೊತ್ತಾಗುವುದು. ಆದ್ದರಿಂದ ಕರಾರಿನಲ್ಲಿ ಒತ್ತಡ, ಶ್ರುತಿ, ಪೈಪುಗಳ ಸಂಖ್ಯೆ ಬರೆಸಿ; ಮೂರನೇ ಒಂದು ಪಾಲು ಹಣವನ್ನು ಸೆಪ್ಟೆಂಬರ್ ಮುಗಿಯುವವರೆಗೆ ಸಭೆಯ ಖಾತೆಯಲ್ಲೇ ತಡೆಹಿಡಿಯಿರಿ.