ಸಿ4 ಬಿಚ್ಚುವ ಮೊದಲು: 1965–66ರ ಮಸ್ಟಾಂಗ್‌ನ ಮೂಲ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಬಹುಕಾಲದ ಬಳಕೆಯ ನಂತರ

289 ಘನ ಇಂಚಿನ ವಿ8 ಎಂಜಿನ್ನಿನ 1965–66ರ ಮಸ್ಟಾಂಗ್‌ನಲ್ಲಿ ಬರುವ ಫೋರ್ಡ್ ಸಿ4 ಗೇರ್‌ಬಾಕ್ಸಿಗೆ ಐದಕ್ಕೆ ನಾಲ್ಕೂವರೆ. ಅರ್ಧ ಅಂಕ ಹೋದದ್ದು ಓವರ್‌ಡ್ರೈವ್ (ವೇಗದಲ್ಲಿ ಓಡುವಾಗ ಎಂಜಿನ್ನಿನ ಸುತ್ತು ತಗ್ಗಿಸುವ ಮೇಲಿನ ಗೇರು) ಇಲ್ಲ ಎಂಬ ಒಂದೇ ಕಾರಣಕ್ಕೆ. ಇದನ್ನು ಕಿತ್ತು ಓವರ್‌ಡ್ರೈವ್ ಇರುವ, ನಾಲ್ಕು ಗೇರಿನ ಎಒಡಿ (ಫೋರ್ಡ್‌ನದೇ ಮುಂದಿನ ಕಾಲದ ಆಟೋಮ್ಯಾಟಿಕ್) ಕೂರಿಸಬೇಕು ಎನ್ನುವ ಅನೇಕರ ಕಾರಿನಲ್ಲಿ ಗೇರ್‌ಬಾಕ್ಸ್ ಕೆಟ್ಟಿರುವುದೇ ಇಲ್ಲ. ಕೆಟ್ಟಿರುವುದು ಒಂದು ರಬ್ಬರ್ ಪೈಪು, ಇಲ್ಲವೇ ಒಂದು ಡಯಾಫ್ರಮ್, ಇಲ್ಲವೇ ಸಡಿಲಾದ ಒಂದು ಬ್ಯಾಂಡ್ (ಒಳಗಿನ ಡ್ರಮ್ಮನ್ನು ಬಿಗಿದು ಹಿಡಿಯುವ ಪಟ್ಟಿ).

ಸಿ4 ಬಂದದ್ದು 1964ರ ಮಾಡೆಲ್‌ಗಳ ಜೊತೆ. ಅಲ್ಯೂಮಿನಿಯಂ ಕೇಸು, ಸುಮಾರು 50 ಕಿಲೋ ತೂಕ, ಮೂರು ಗೇರು: 2.46, 1.46, 1.00. ಒಳಗೆ ಕಂಪ್ಯೂಟರ್ ಇಲ್ಲ, ಸೊಲೆನಾಯ್ಡ್ ಇಲ್ಲ. ಎಲ್ಲವೂ ಆಯಿಲ್ ಒತ್ತಡ ಮತ್ತು ಎಂಜಿನ್ನಿನ ವ್ಯಾಕ್ಯೂಮ್ ಲೆಕ್ಕದಲ್ಲೇ ನಡೆಯುತ್ತದೆ. ಕಾರಿಗೆ ಇದೇ ಗೇರ್‌ಬಾಕ್ಸ್ ಮೂಲದಲ್ಲಿ ಬಂದಿತ್ತೇ ಎಂದು ತಿಳಿಯಲು ಬಾಗಿಲ ಮೇಲಿನ ತಗಡಿನ ಪಟ್ಟಿ ನೋಡಿ. ಟ್ರಾನ್ಸ್‌ಮಿಷನ್ ಕೆಳಗೆ 6 ಇದ್ದರೆ ಸಿ4. ಚಾಸಿ ನಂಬರಿನ ಎರಡನೇ ಅಕ್ಷರ ಆರ್ ಆಗಿದ್ದರೆ ಆ ಕಾರು ತಯಾರಾದದ್ದು ಫೋರ್ಡ್‌ನ ಸ್ಯಾನ್ ಹೋಸೆ ಕಾರ್ಖಾನೆಯಲ್ಲಿ. ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡಿಗರು ಶಾಪಿಂಗಿಗೆ ಹೋಗುವ ಮಿಲ್ಪಿಟಸ್‌ನ ಗ್ರೇಟ್ ಮಾಲ್ ಇದೆಯಲ್ಲ, ಅದೇ ಕಟ್ಟಡ.

ಹೊಸದಾಗಿ ಕೊಂಡವರು ಮೊದಲು ಎಡವುವುದು ಲಿವರ್ ಹತ್ತಿರ. ಈ ಎರಡು ವರ್ಷದ ಕಾರುಗಳಲ್ಲಿ ‘ಡಿ’ ಅಕ್ಷರದ ಬದಲು ಎರಡು ಚುಕ್ಕೆಗಳಿವೆ. ನ್ಯೂಟ್ರಲ್‌ನಿಂದ ಎಳೆದಾಗ ಮೊದಲು ಸಿಗುವುದು ಸಣ್ಣ ಚುಕ್ಕೆ; ಅದರಲ್ಲಿ ಕಾರು ಎರಡನೇ ಗೇರಿನಲ್ಲೇ ಹೊರಡುತ್ತದೆ. ಜಾರುವ ರಸ್ತೆಗೆಂದು ಕೊಟ್ಟ ಸೌಲಭ್ಯ ಅದು. ಇನ್ನೊಂದು ಹೆಜ್ಜೆ ಎಳೆದರೆ ದೊಡ್ಡ ಹಸಿರು ಚುಕ್ಕೆ. ಒಂದು, ಎರಡು, ಮೂರು ಗೇರುಗಳು ಸರದಿಯಂತೆ ಬೀಳುವುದು ಇದರಲ್ಲಿ. ‘ಗಾಡಿ ಎಳೆಯುವುದೇ ಇಲ್ಲ’ ಎನ್ನುವವರು ಮೊದಲು ಲಿವರ್ ಯಾವ ಚುಕ್ಕೆಯಲ್ಲಿದೆ ಎಂದು ನೋಡಲಿ.

ಗೇರು ತಡವಾಗಿ, ಧಡಕ್ಕೆಂದು ಬೀಳುತ್ತಿದ್ದರೆ ವ್ಯಾಕ್ಯೂಮ್ ಪರೀಕ್ಷಿಸಿ. ಗೇರ್‌ಬಾಕ್ಸಿನ ಹಿಂಭಾಗದಲ್ಲಿ ಮಾಡ್ಯುಲೇಟರ್ ಎಂಬ ಸಣ್ಣ ಡಬ್ಬಿ ಇರುತ್ತದೆ. ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಇದಕ್ಕೆ ಒಂದು ಲೋಹದ ಕೊಳವೆ ಬರುತ್ತದೆ, ಎರಡೂ ತುದಿಯಲ್ಲಿ ರಬ್ಬರ್ ತುಂಡು. ಸೈಲೆನ್ಸರ್ ಪೈಪಿನ ಬಿಸಿಗೆ ಕೆಳಗಿನ ರಬ್ಬರು ಒಣಗಿ ಬಿರುಕು ಬಿಡುತ್ತದೆ. ಆಗ ವ್ಯಾಕ್ಯೂಮ್ ಸೋರಿ, ಎಂಜಿನ್ ಮೇಲೆ ಭಾರಿ ಲೋಡ್ ಇದೆ ಎಂದೇ ಗೇರ್‌ಬಾಕ್ಸ್ ಭಾವಿಸಿ ಒತ್ತಡ ಏರಿಸುತ್ತದೆ. ಮಾಡ್ಯುಲೇಟರ್ ತುದಿಯಲ್ಲೇ ಗೇಜ್ ಹಚ್ಚಿ ಅಳೆಯಿರಿ. ಆರೋಗ್ಯವಂತ ಎಂಜಿನ್ ಐಡಲ್‌ನಲ್ಲಿ 18 ಇಂಚಿನ (ಪಾದರಸದ ಅಳತೆ) ಆಸುಪಾಸು ತೋರಿಸಬೇಕು. ಪೈಪು ಕಳಚಿದಾಗ ಒಳಗೆ ಕೆಂಪು ಆಯಿಲ್ ಅಂಟಿದ್ದರೆ ಡಯಾಫ್ರಮ್ ಹರಿದಿದೆ. ನೆಲದ ಮೇಲೆ ಒಂದು ಹನಿ ಇಲ್ಲದೆ ಡಿಪ್‌ಸ್ಟಿಕ್ ಮಟ್ಟ ಇಳಿಯುವುದು, ಸೈಲೆನ್ಸರಿನಿಂದ ಬಿಳಿ ಹೊಗೆ ಬರುವುದು ಇದರಿಂದಲೇ: ಎಂಜಿನ್ ಆ ಆಯಿಲನ್ನು ಹೀರಿ ಸುಡುತ್ತಿದೆ. ಹೊಸದನ್ನು ತರುವ ಮುನ್ನ ಹಳೆಯದು ಥ್ರೆಡ್ಡಿನದೋ, ತಳ್ಳಿ ಕ್ಲ್ಯಾಂಪ್ ಹಾಕುವಂಥದ್ದೋ ನೋಡಿಕೊಳ್ಳಿ. ಕಳಚುವಾಗ ಒಳಗಿನ ಸಣ್ಣ ಪಿನ್ನು ಕಳೆಯಬಾರದು.

ಒಂದರಿಂದ ಎರಡಕ್ಕೆ ಹೋಗುವಾಗ ಎಂಜಿನ್ ರೇಸ್ ಆಗುತ್ತಿದ್ದರೆ ಇಂಟರ್‌ಮೀಡಿಯೆಟ್ ಬ್ಯಾಂಡ್ ಹೊಂದಿಸಿ. ಇದರ ಸ್ಕ್ರೂ ಎಡಬದಿಯಲ್ಲಿ, ಮುಂದಕ್ಕೆ ಇದೆ. ಲಾಕ್ ನಟ್ ತೆಗೆದು ಎಸೆಯಿರಿ, ಅದರಲ್ಲೇ ಸೀಲ್ ಇರುವುದರಿಂದ ಪ್ರತಿ ಸಲವೂ ಹೊಸದೇ ಬೇಕು. ಸ್ಕ್ರೂವನ್ನು 10 ಫುಟ್-ಪೌಂಡ್‌ಗೆ ಬಿಗಿ ಮಾಡಿ, ಸರಿಯಾಗಿ 1¾ ಸುತ್ತು ಹಿಂದಕ್ಕೆ ತಿರುಗಿಸಿ. ಸ್ಕ್ರೂ ಅಲುಗದಂತೆ ಹಿಡಿದುಕೊಂಡೇ ನಟ್ಟನ್ನು 35–40 ಫುಟ್-ಪೌಂಡ್‌ಗೆ ಕೂರಿಸಿ. ಎಡವಟ್ಟಾಗುವುದು ಈ ಕೊನೇ ಹೆಜ್ಜೆಯಲ್ಲೇ. ನಟ್ ಬಿಗಿಯುವಾಗ ಸ್ಕ್ರೂವೂ ಕಾಲು ಸುತ್ತು ತಿರುಗಿಬಿಡುತ್ತದೆ. ತಲೆಯ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆದುಕೊಂಡರೆ ತಿರುಗಿದ್ದು ಕಣ್ಣಿಗೆ ಕಾಣುತ್ತದೆ. ಬಲಬದಿಯಲ್ಲಿ ಹಿಂದಕ್ಕಿರುವ ಲೋ-ರಿವರ್ಸ್ ಬ್ಯಾಂಡಿಗೂ ಇದೇ ಕ್ರಮ, ಆದರೆ ಹಿಂದಕ್ಕೆ ತಿರುಗಿಸುವುದು 3 ಸುತ್ತು.

ಇಷ್ಟಾದರೂ ಸರಿಹೋಗದಿದ್ದರೆ, ಯಾವ ಗೇರು ಇಲ್ಲ ಎಂಬುದೇ ರೋಗ ಹೇಳುತ್ತದೆ. ಹಸಿರು ಚುಕ್ಕೆಯಲ್ಲಿ ಹೊರಡುವಾಗ ಜಾರಿ, ಲಿವರಿನ ‘ಎಲ್’ (ಲೋ) ಸ್ಥಾನದಲ್ಲಿ ಚೆನ್ನಾಗಿ ಎಳೆದರೆ ಒನ್-ವೇ ಕ್ಲಚ್ ಹೋಗಿದೆ, ‘ಎಲ್’ನಲ್ಲಿ ಲೋ-ರಿವರ್ಸ್ ಬ್ಯಾಂಡ್ ಆ ಕೆಲಸ ಮಾಡುತ್ತದೆ. ಮೂರನೆಯದೂ ಇಲ್ಲ, ರಿವರ್ಸೂ ಇಲ್ಲ ಎಂದರೆ ಎರಡಕ್ಕೂ ಬೇಕಾದ ರಿವರ್ಸ್-ಹೈ ಕ್ಲಚ್ ಸುಟ್ಟಿದೆ. ಇವೆರಡಕ್ಕೂ ಗೇರ್‌ಬಾಕ್ಸ್ ಇಳಿಸಲೇಬೇಕು.

ಹಾಕಬೇಕಾದ ಆಯಿಲ್ ಟೈಪ್ ಎಫ್. ಪ್ಯಾನ್ ಬಿಚ್ಚಿದರೆ ಬರುವುದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲಿರುತ್ತದೆ (ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ ಅದು). ಕನ್ವರ್ಟರಿಗೆ ಡ್ರೇನ್ ಪ್ಲಗ್ ಇದ್ದರೆ ಅದನ್ನೂ ತೆಗೆಯಿರಿ. ಪ್ಯಾನ್ ಬೋಲ್ಟುಗಳಿಗೆ 12–16 ಫುಟ್-ಪೌಂಡ್ ಸಾಕು, ಹೆಚ್ಚಾದರೆ ತಗಡು ಬಾಗಿ ಸೋರುತ್ತದೆ. ಮಟ್ಟ ನೋಡುವುದು ಬಿಸಿಯಾದ ಮೇಲೆ, ಲಿವರನ್ನು ಎಲ್ಲ ಸ್ಥಾನಕ್ಕೂ ಒಮ್ಮೆ ಆಡಿಸಿ ಪಾರ್ಕಿಗೆ ತಂದು, ಎಂಜಿನ್ ಐಡಲ್‌ನಲ್ಲಿದ್ದಾಗ. ಆಯಿಲ್ ಗುಲಾಬಿ ಬಣ್ಣದ ಲಸ್ಸಿಯಂತಾಗಿದ್ದರೆ ರೇಡಿಯೇಟರ್ ಒಳಗಿನ ಕೂಲರ್ ಒಡೆದಿದೆ. ಆ ಗಾಡಿಯನ್ನು ಅಲ್ಲೇ ನಿಲ್ಲಿಸಿ.

ಇನ್ನು ಎಒಡಿ. ದಿನಾ ಗಂಟೆಗಟ್ಟಲೆ ಫ್ರೀವೇ ಓಡಾಟ ಇದ್ದವರಿಗೆ ಇದು ನಿಜವಾದ ಲಾಭ, ಅಲ್ಲಗಳೆಯುವುದಿಲ್ಲ. ನಾಲ್ಕನೇ ಗೇರು 0.67. ಹಿಂದಿನ ಆಕ್ಸಲ್ 3.50, ಟೈರು 25 ಇಂಚು ಎಂದಿಟ್ಟುಕೊಂಡರೆ ಗಂಟೆಗೆ 70 ಮೈಲಿಯಲ್ಲಿ 3,300 ಆರ್‌ಪಿಎಂ ಇದ್ದದ್ದು 2,200ಕ್ಕೆ ಇಳಿಯುತ್ತದೆ. ಆದರೆ ಈ ಕಾರುಗಳಲ್ಲಿ ಸಾಮಾನ್ಯವಾದ 2.80 ಆಕ್ಸಲ್ ಉಳಿಸಿಕೊಂಡರೆ ಅದೇ ವೇಗದಲ್ಲಿ 1,800ಕ್ಕೂ ಕೆಳಗೆ. ಸಣ್ಣ ಏರು ಬಂದರೂ ಎಂಜಿನ್ ತಿಣುಕುತ್ತದೆ. ಹಾಗಾಗಿ ಗೇರ್‌ಬಾಕ್ಸಿನ ಖರ್ಚಿಗೆ ಆಕ್ಸಲ್ಲಿನ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಫಿಟ್ಟಿಂಗಿನಲ್ಲಿ ಎರಡು ತಪ್ಪು ದುಬಾರಿ. ಒಂದು, ಫ್ಲೆಕ್ಸ್‌ಪ್ಲೇಟ್ (ಎಂಜಿನ್ನಿಗೂ ಕನ್ವರ್ಟರಿಗೂ ನಡುವಿನ ಹಲ್ಲಿನ ತಟ್ಟೆ). ಎಒಡಿಗೆ 164 ಹಲ್ಲಿನದು ಬೇಕು, ಹಳೆಯ 289ಕ್ಕೆ 28 ಔನ್ಸ್ ಬ್ಯಾಲೆನ್ಸ್ ಬೇಕು. 1980ರ ದಶಕದ 302 ಎಂಜಿನ್ನಿನ 50 ಔನ್ಸಿನದು ಬೋಲ್ಟಿಗೆ ಸರಿಯಾಗಿ ಕೂತುಬಿಡುತ್ತದೆ, ಆಮೇಲೆ ಇಡೀ ಗಾಡಿ ನಡುಗುತ್ತದೆ. ಇನ್ನೊಂದು, ಟಿವಿ (ಥ್ರಾಟಲ್ ವಾಲ್ವ್) ಕೇಬಲ್. ಎಒಡಿಯಲ್ಲಿ ಮಾಡ್ಯುಲೇಟರ್ ಇಲ್ಲ. ಒಳಗಿನ ಒತ್ತಡ ನಿರ್ಧರಿಸುವುದು ಕಾರ್ಬ್ಯುರೇಟರಿನಿಂದ ಬರುವ ಈ ಕೇಬಲ್. ಇದು ಸಡಿಲಾದರೆ, ಕಳಚಿದರೆ, ಸ್ವಲ್ಪ ಓಡಿಸುವಷ್ಟರಲ್ಲೇ ಕ್ಲಚ್ಚುಗಳು ಸುಟ್ಟುಹೋಗುತ್ತವೆ. ಪ್ರೆಷರ್ ಗೇಜ್ ಹಚ್ಚಿ ಹೊಂದಿಸುವವರೆಗೆ ಕಾರನ್ನು ಗ್ಯಾರೇಜಿನ ಬಾಗಿಲು ದಾಟಿಸಬೇಡಿ. ಕಾರ್ಬ್ಯುರೇಟರ್ ಬೇರೆ ಕಂಪನಿಯದಾದರೆ ಅದರ ಲಿವರಿಗೆ ಎಒಡಿಗೆ ಹೊಂದುವ ಬ್ರಾಕೆಟ್ ತಪ್ಪದೆ ಹಾಕಿಸಿ.

ಕ್ರಾಸ್‌ಮೆಂಬರ್ ಬದಲಾಗುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಉದ್ದವನ್ನು ಹೊಸ ಗೇರ್‌ಬಾಕ್ಸ್ ಕೂತ ಮೇಲೆಯೇ ಅಳೆಯಬೇಕು. ಲಿವರಿನ ಚುಕ್ಕೆಗಳಿಗೂ ಹೊಸ ಸ್ಥಾನಗಳಿಗೂ ತಾಳೆಯಾಗುವುದಿಲ್ಲ.

ಹಾಕಿಸಿಯೇ ತೀರುತ್ತೇನೆ ಎನ್ನುವವರಲ್ಲಿ ಒಂದು ಕೋರಿಕೆ: ಫ್ಲೋರ್ ಪ್ಯಾನ್ ಕತ್ತರಿಸಬೇಡಿ, ಇಳಿಸಿದ ಸಿ4 ಅನ್ನು ಗುಜರಿಗೆ ಕೊಡಬೇಡಿ. ಕೂಲರ್ ಪೈಪಿನ ತೂತುಗಳಿಗೆ ಪ್ಲಗ್ ಹಾಕಿ, ಹಿಂದಿನ ತುದಿಗೆ ಪ್ಲಾಸ್ಟಿಕ್ ಕಟ್ಟಿ ಒಣಜಾಗದಲ್ಲಿಡಿ. ಅದರ ಕನ್ವರ್ಟರ್, ಫ್ಲೆಕ್ಸ್‌ಪ್ಲೇಟ್, ಕಿಕ್‌ಡೌನ್ ರಾಡ್, ಕ್ರಾಸ್‌ಮೆಂಬರ್, ಹಳೆ ಶಾಫ್ಟ್, ಎಲ್ಲಕ್ಕೂ ಚೀಟಿ ಕಟ್ಟಿ ಒಂದೇ ಕಡೆ ಇಡಿ.