ನೆಟ್‌ಪ್ಲಾನ್: ಸರ್ವರ್‌ಗೆ ಸ್ಥಿರ ಐಪಿ ಕೊಡಲು ಎಷ್ಟು ನಂಬಬಹುದು?

ಉಬುಂಟು ಸರ್ವರ್‌ಗೆ ಸ್ಥಿರ ಐಪಿ, ಅಂದರೆ ಬದಲಾಗದ ನೆಟ್‌ವರ್ಕ್ ವಿಳಾಸ, ಕೊಡುವ ಈಗಿನ ಸಾಧನ ನೆಟ್‌ಪ್ಲಾನ್. ನೆಟ್‌ವರ್ಕ್ ಸೆಟ್ಟಿಂಗ್ ಬರೆಯುತ್ತಿದ್ದ ಹಳೆಯ ಇಂಟರ್‌ಫೇಸಸ್ ಫೈಲಿನ ಜಾಗಕ್ಕೆ ಇದು ಬಂದದ್ದು 2017ರಲ್ಲಿ, 17.10 ಆವೃತ್ತಿಯಿಂದ. ನೆಟ್‌ವರ್ಕನ್ನು ಇದು ತಾನೇ ನಡೆಸುವುದಿಲ್ಲ. ನಾವು ಬರೆದ ಯಾಮಲ್ (ಸೆಟ್ಟಿಂಗ್ ಬರೆಯುವ ಸರಳ ಪಠ್ಯ ರೂಪ) ಫೈಲನ್ನು ಓದಿ, ನೆಟ್‌ವರ್ಕನ್ನು ನಿಜವಾಗಿ ನಡೆಸುವ ಪ್ರೋಗ್ರಾಮಿಗೆ, ಸರ್ವರ್ ಆದರೆ ಸಾಮಾನ್ಯವಾಗಿ ಸಿಸ್ಟಂಡಿ-ನೆಟ್‌ವರ್ಕ್‌ಡಿಗೆ, ಬೇಕಾದ ಫೈಲುಗಳನ್ನು ತಯಾರಿಸಿಕೊಡುತ್ತದೆ, ಅಷ್ಟೆ.

ಬರೆಯಬೇಕಾದ್ದು ಹೆಚ್ಚಿಲ್ಲ. ಇಂಟರ್‌ಫೇಸ್ (ನೆಟ್‌ವರ್ಕ್ ಕಾರ್ಡ್) ಹೆಸರಿನ ಕೆಳಗೆ ಡಿಎಚ್‌ಸಿಪಿ4 (ಐಪಿಯನ್ನು ತಾನಾಗಿ ಪಡೆಯುವ ವ್ಯವಸ್ಥೆ) ಫಾಲ್ಸ್, ಅಡ್ರೆಸಸ್‌ನಲ್ಲಿ 192.168.1.50/24, ರೂಟ್ಸ್‌ನಲ್ಲಿ ಡೀಫಾಲ್ಟ್‌ಗೆ ವಯಾ 192.168.1.1 (ಹೊರಗೆ ಹೋಗುವ ದಾರಿಯಾದ ಗೇಟ್‌ವೇ), ನೇಮ್‌ಸರ್ವರ್ಸ್‌ನಲ್ಲಿ ಡಿಎನ್‌ಎಸ್ (ಹೆಸರಿಗೆ ಐಪಿ ಹುಡುಕಿಕೊಡುವ ಸರ್ವರ್) ವಿಳಾಸ. ಐಪಿಯ ಕೊನೆಯ /24, ಅಂದರೆ ಸಬ್‌ನೆಟ್‌ನ (ಒಂದೇ ಸ್ಥಳೀಯ ಜಾಲದ ವಿಳಾಸಗಳ ಗುಂಪಿನ) ಗಾತ್ರ, ಮರೆತರೆ ಎರರ್ ಬರುತ್ತದೆ. ಸಾಲನ್ನು ಒಳಸರಿಸಲು ಟ್ಯಾಬ್ ಒತ್ತಿದರೂ ಎರರ್, ಸ್ಪೇಸ್ ಮಾತ್ರ ನಡೆಯುತ್ತದೆ. ಹಳೆಯ ಗೇಟ್‌ವೇ4 ಸಾಲನ್ನು ಇಟ್ಟುಕೊಂಡರೆ ಎಚ್ಚರಿಕೆ ಬರುತ್ತದೆ. ಫೈಲಿನ ಪರ್ಮಿಶನ್ 600 (ಮಾಲೀಕನಿಗೆ ಮಾತ್ರ ಓದಲು, ಬರೆಯಲು ಅನುಮತಿ) ಇರಲಿ.

ಇದರ ನಿಜವಾದ ಬೆಲೆ ಇರುವುದು 'ನೆಟ್‌ಪ್ಲಾನ್ ಟ್ರೈ' ಕಮಾಂಡಿನಲ್ಲಿ. ಹೊಸ ಸೆಟ್ಟಿಂಗ್ ಜಾರಿಯಾಗುತ್ತದೆ, ಪರದೆಯಲ್ಲಿ 120 ಸೆಕೆಂಡುಗಳ ಎಣಿಕೆ ಇಳಿಯತೊಡಗುತ್ತದೆ. ಅಷ್ಟರೊಳಗೆ ಎಂಟರ್ ಒತ್ತದಿದ್ದರೆ ಹಳೆಯದೇ ವಾಪಸ್. ದೂರದಲ್ಲಿರುವ ಸರ್ವರ್‌ನ ಗೇಟ್‌ವೇ ತಪ್ಪಾಗಿ ಟೈಪ್ ಆದಾಗ ಈ ಎರಡು ನಿಮಿಷ ಕಾಪಾಡುತ್ತದೆ. ನೇರವಾಗಿ 'ಅಪ್ಲೈ' ಕೊಟ್ಟವರಿಗೆ ಆ ರಕ್ಷಣೆ ಇಲ್ಲ.

ಆದರೆ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಲಾಗಿನ್ ಆಗುವ ವಿಧಾನ) ಕೂತು ಅದೇ ಸರ್ವರ್‌ನ ಐಪಿ ಬದಲಿಸುವಾಗ ಟ್ರೈ ಒಂದೇ ಸಾಲದು. ಹಳೆಯ ವಿಳಾಸ ಹೋದೊಡನೆ ಸೆಶನ್ ಹೆಪ್ಪುಗಟ್ಟುತ್ತದೆ, ಎಂಟರ್ ಅಲ್ಲಿಗೆ ತಲುಪುವುದೇ ಇಲ್ಲ, ಸರಿಯಾಗಿಯೇ ಬರೆದಿದ್ದ ಸೆಟ್ಟಿಂಗ್ ಕೂಡ ಹಿಂದಕ್ಕೆ ಹೋಗುತ್ತದೆ. ಹೊಸ ಐಪಿ ಅದೇ ಸಬ್‌ನೆಟ್‌ನದಾದರೆ ಎರಡು ಹಂತದಲ್ಲಿ ಮಾಡಿ. ಮೊದಲು ಡಿಎಚ್‌ಸಿಪಿಯನ್ನು ಹಾಗೇ ಬಿಟ್ಟು, ಅಡ್ರೆಸಸ್‌ಗೆ ಹೊಸ ಐಪಿ ಮಾತ್ರ ಸೇರಿಸಿ ಟ್ರೈ ಕೊಡಿ. ಇನ್ನೊಂದು ಟರ್ಮಿನಲ್‌ನಿಂದ ಹೊಸ ವಿಳಾಸಕ್ಕೆ ಲಾಗಿನ್ ಆದರೆ ಮೊದಲನೆಯದರಲ್ಲಿ ಎಂಟರ್ ಒತ್ತಿ. ಆಮೇಲೆ ಹೊಸ ಸೆಶನ್‌ನಿಂದಲೇ ಡಿಎಚ್‌ಸಿಪಿ ತೆಗೆದು, ರೂಟ್ಸ್ ಮತ್ತು ಡಿಎನ್‌ಎಸ್ ಬರೆದು, ಮತ್ತೊಮ್ಮೆ ಟ್ರೈ. ಹಲವು ಇಂಟರ್‌ಫೇಸ್‌ಗಳನ್ನು ಜೋಡಿಸುವ ಬಾಂಡ್, ಬ್ರಿಡ್ಜ್ ಇರುವ ಕಡೆ ಟ್ರೈ ಎಲ್ಲವನ್ನೂ ಹಿಂದಕ್ಕೆ ತರಲಾರದು, ಅಂಥ ಕೆಲಸಕ್ಕೆ ನೆಟ್‌ವರ್ಕ್ ಇಲ್ಲದೆಯೂ ಸರ್ವರ್ ತಲುಪುವ ಕನ್ಸೋಲ್ ಕೈಯಲ್ಲಿರಬೇಕು.

ನೆಟ್‌ಪ್ಲಾನ್‌ನಲ್ಲಿ ಅತಿ ಹೆಚ್ಚು ತಲೆಕೆಡಿಸುವುದು ಫೈಲುಗಳ ಬೆರಕೆ. ತನ್ನ ಫೋಲ್ಡರ್‌ನಲ್ಲಿರುವ ಎಲ್ಲ ಯಾಮಲ್ ಫೈಲುಗಳನ್ನೂ ಅದು ಹೆಸರಿನ ಕ್ರಮದಲ್ಲಿ ಓದಿ ಒಂದಾಗಿಸುತ್ತದೆ. ಟ್ರೂ, ಫಾಲ್ಸ್‌ನಂತೆ ಒಂದೇ ಒಂದು ಮೌಲ್ಯ ಹಿಡಿಯುವ ಸಾಲಾದರೆ ಕೊನೆಯದು ಗೆಲ್ಲುತ್ತದೆ, ಪಟ್ಟಿಯಾದರೆ ಕೂಡಿಕೊಳ್ಳುತ್ತದೆ. ಸರ್ವರ್‌ನ ಆರಂಭಿಕ ಸೆಟ್ಟಿಂಗ್ ಮಾಡುವ ಕ್ಲೌಡ್-ಇನಿಟ್ ಬರೆದ, ಹೆಸರು 50ರಿಂದ ಶುರುವಾಗುವ ಫೈಲಿನಲ್ಲಿ ಡಿಎಚ್‌ಸಿಪಿ ಟ್ರೂ ಇದ್ದು, ನಿಮ್ಮ ಫೈಲಿನ ಹೆಸರು 01ರಿಂದ ಶುರುವಾದರೆ, ನೀವು ಬರೆದ ಫಾಲ್ಸ್ ಬಿದ್ದುಹೋಗುತ್ತದೆ. ಸರ್ವರ್‌ಗೆ ಎರಡು ಐಪಿ ಬರುವುದು ಹೀಗೆ. 50ರ ಫೈಲನ್ನೇ ತಿದ್ದಿದರೆ ಕ್ಲೌಡ್-ಇನಿಟ್ ಅದನ್ನು ಮತ್ತೆ ಬರೆದುಬಿಡಬಹುದು. ಅದರ ನೆಟ್‌ವರ್ಕ್ ಕಾನ್ಫಿಗರೇಶನ್ ಡಿಸೇಬಲ್ ಮಾಡಿ, ಆ ಫೈಲನ್ನು ಅಳಿಸಿ, ಒಂದೇ ಫೈಲ್ ಇಟ್ಟುಕೊಳ್ಳುವುದು ಕ್ಷೇಮ. 'ನೆಟ್‌ಪ್ಲಾನ್ ಗೆಟ್' ಕೊಟ್ಟರೆ ಬೆರಕೆಯಾದ ಮೇಲಿನ ರೂಪ ಕಣ್ಣಿಗೆ ಬೀಳುತ್ತದೆ.

ನೀವು ಆರಿಸಿದ ಐಪಿ ಆಗಲೇ ಬೇರೆಯವರ ಬಳಿ ಇದೆಯೇ ಎಂದು ಇದು ಮೊದಲೇ ನೋಡಿ ಹೇಳುವುದಿಲ್ಲ. ರೂಟರ್‌ನ ಡಿಎಚ್‌ಸಿಪಿ ಹಂಚುವ ವ್ಯಾಪ್ತಿಯ ಹೊರಗಿನ ಸಂಖ್ಯೆಯನ್ನೇ ಹಿಡಿಯಿರಿ. ಆ ಐಪಿ ಖಾಲಿ ಇದೆಯೇ ಎಂದು ಪರೀಕ್ಷಿಸಲು ಪಿಂಗ್‌ಗಿಂತ ಆರ್ಪಿಂಗ್ ಮೇಲು, ಫೈರ್‌ವಾಲ್ ಪಿಂಗನ್ನು ತಡೆದಿದ್ದರೂ ಎಆರ್‌ಪಿಗೆ (ಈ ಐಪಿ ಯಾರದು ಎಂದು ಸ್ಥಳೀಯ ಜಾಲದಲ್ಲಿ ಕೇಳುವ ಪ್ರಶ್ನೆಗೆ) ಸಾಮಾನ್ಯವಾಗಿ ಉತ್ತರ ಬರುತ್ತದೆ.