ವಿಂಡೋ ಅಗಲ ಅಳೆಯಲು ಗೂಗಲ್ ಅನಲಿಟಿಕ್ಸ್ 4: ಕಾಸರಗೋಡಿನ ಸೈಟುಗಳಿಗೆ ಎಷ್ಟು ಉಪಯೋಗ?

ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ದೇವಸ್ಥಾನ, ಯಕ್ಷಗಾನ ಸಂಘ, ಅಡಿಕೆ ನರ್ಸರಿಗಳಿಗೆ ವೆಬ್‌ಸೈಟ್ ಮಾಡಿಕೊಡುವವರಿಗೆ ನೋಡುವವರ ಬ್ರೌಸರ್ ಎಷ್ಟು ಅಗಲ ಇರುತ್ತದೆ ಎಂಬುದು ಗೊತ್ತಿರಲೇಬೇಕು. ಇಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರಕ್ಕೂ ಒಂದೇ ವಿನ್ಯಾಸ ಹೊಂದಬೇಕು. ಇಂಗ್ಲಿಷಿನಲ್ಲಿ ಒಂದೇ ಸಾಲಿಗೆ ಹಿಡಿಸುವ ಮೆನು ಕನ್ನಡದಲ್ಲಿ ಎರಡು ಸಾಲಿಗೆ ಇಳಿಯುತ್ತದೆ. 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಎರಡು ಕಾಲಂ ಇಟ್ಟು ‘ಬ್ರಹ್ಮಕಲಶೋತ್ಸವ’ ಎಂದು ದೊಡ್ಡ ಅಕ್ಷರದಲ್ಲಿ ಹಾಕಿ ನೋಡಿ. ನಡುವೆ ತುಂಡಾಗದ ಪದ ಅದು. ಕೊನೆಯ ‘ತ್ಸವ’ ಪೆಟ್ಟಿಗೆಯಿಂದ ಹೊರಗೆ ಚಾಚಿಕೊಳ್ಳುತ್ತದೆ.

ಸೈಟಿನ ಭೇಟಿಗಳನ್ನು ಲೆಕ್ಕ ಹಾಕುವ, ಉಚಿತವಾಗಿ ಸಿಗುವ ಗೂಗಲ್ ಅನಲಿಟಿಕ್ಸ್ 4 ಈ ಕೆಲಸಕ್ಕೆ ಆಗುತ್ತದೆ, ಆದರೆ ಹಾಕಿ ಹಾಗೆಯೇ ಬಿಟ್ಟರೆ ಆಗುವುದಿಲ್ಲ. ಅದರ ‘ಸ್ಕ್ರೀನ್ ರೆಸಲ್ಯೂಷನ್’ ತೋರಿಸುವುದು ಇಡೀ ಪರದೆಯ ಅಳತೆಯನ್ನು. ಲ್ಯಾಪ್‌ಟಾಪಿನಲ್ಲಿ ಅರ್ಧ ಪರದೆಗೆ ಬ್ರೌಸರ್, ಇನ್ನರ್ಧಕ್ಕೆ ಎಕ್ಸೆಲ್ ತೆರೆದುಕೊಂಡವರೂ ಅಲ್ಲಿ ಪೂರ್ಣ ಅಗಲದವರಾಗಿಯೇ ಲೆಕ್ಕಕ್ಕೆ ಸಿಗುತ್ತಾರೆ. 2023ರ ಜುಲೈ 1ರಿಂದ ನಿಂತುಹೋದ ಹಿಂದಿನ ಆವೃತ್ತಿಯಾದ ಯುನಿವರ್ಸಲ್ ಅನಲಿಟಿಕ್ಸ್‌ನಲ್ಲಿ ‘ಬ್ರೌಸರ್ ಸೈಜ್’ ತಾನಾಗಿಯೇ ಸಿಗುತ್ತಿತ್ತು. ಹೊಸದರಲ್ಲಿ ಅದನ್ನು ನಾವೇ ಕಟ್ಟಿಕೊಳ್ಳಬೇಕು. ಇದು ದೊಡ್ಡ ಕೊರತೆಯೇ ಸರಿ.

ಕಟ್ಟುವುದು ಕಷ್ಟವಲ್ಲ. ಸೈಟಿಗೆ ಅಳತೆಯ ಕೋಡ್ ಸೇರಿಸುವ ಗೂಗಲ್‌ನ ಸಾಧನವಾದ ಟ್ಯಾಗ್ ಮ್ಯಾನೇಜರ್‌ನಲ್ಲಿ ‘ಕಸ್ಟಮ್ ಜಾವಾಸ್ಕ್ರಿಪ್ಟ್’ ವೇರಿಯಬಲ್ ಒಂದನ್ನು ಮಾಡಿ, ವಿಂಡೋದ ‘ಇನ್ನರ್‌ವಿಡ್ತ್’ ಓದಿಸಿ. ಅಗಲಕ್ಕೆ ತಕ್ಕಂತೆ ವಿನ್ಯಾಸ ಬದಲಿಸುವ ಮೀಡಿಯಾ ಕ್ವೆರಿ ನೋಡುವುದೂ ಸ್ಕ್ರೋಲ್‌ಬಾರ್ ಸೇರಿದ ಇದೇ ಅಗಲವನ್ನು, ಆದ್ದರಿಂದ ಬಂದ ಅಂಕಿಯನ್ನು ನೇರವಾಗಿ ಬ್ರೇಕ್‌ಪಾಯಿಂಟಿಗೆ, ಎಂದರೆ ವಿನ್ಯಾಸ ಬದಲಾಗುವ ಅಗಲಕ್ಕೆ, ಬಳಸಬಹುದು. ಅದನ್ನು 50ರ ಗುಂಪುಗಳಾಗಿ ಮಾಡಿ (350–399, 400–449 ಹೀಗೆ) ಪೇಜ್‌ವ್ಯೂ (ಪುಟ ತೆರೆದ ದಾಖಲೆ) ಜೊತೆ ಪ್ಯಾರಾಮೀಟರ್ (ಹೆಚ್ಚುವರಿ ಮಾಹಿತಿ) ಆಗಿ ಕಳಿಸಿ. ಆಮೇಲೆ ಅನಲಿಟಿಕ್ಸ್‌ನ ಅಡ್ಮಿನ್‌ನಲ್ಲಿ ಅದೇ ಹೆಸರಿನಿಂದ, ‘ಇವೆಂಟ್’ ಸ್ಕೋಪಿನಲ್ಲಿ, ಕಸ್ಟಮ್ ಡೈಮೆನ್ಷನ್, ಎಂದರೆ ವರದಿಯಲ್ಲಿ ನಮ್ಮದೇ ಒಂದು ಕಾಲಂ, ತೆರೆಯಿರಿ.

ಎಡವುವುದು ಹೆಚ್ಚಾಗಿ ಇಲ್ಲಿಯೇ. ಹೆಸರಿನಲ್ಲಿ ಇಂಗ್ಲಿಷಿನ ಒಂದು ದೊಡ್ಡಕ್ಷರ, ಸಣ್ಣಕ್ಷರ ವ್ಯತ್ಯಾಸವಾದರೂ ಕಾಲಂ ಖಾಲಿ ಬರುತ್ತದೆ. ಡೈಮೆನ್ಷನ್ ತೆರೆಯುವ ಮೊದಲಿನ ದತ್ತಾಂಶ ಹಿಂದಿನಿಂದ ತುಂಬಿಕೊಳ್ಳುವುದಿಲ್ಲ. ವರದಿಗೆ 24ರಿಂದ 48 ಗಂಟೆ ಕಾಯಬೇಕು. ಅಷ್ಟರೊಳಗೆ, ಬರುತ್ತಿರುವ ದತ್ತಾಂಶವನ್ನು ಆಗಲೇ ತೋರಿಸುವ ಡೀಬಗ್‌ವ್ಯೂನಲ್ಲಿ ಪರೀಕ್ಷಿಸಿ. ಅಗಲ, ಎತ್ತರ ಎರಡನ್ನೂ ಸೇರಿಸಿ ಕಳಿಸಬೇಡಿ. ಫೋನಿನಲ್ಲಿ ಅಡ್ರೆಸ್ ಬಾರ್ ಸರಿದಾಗಲೆಲ್ಲ ಎತ್ತರ ಬದಲಾಗುತ್ತದೆ, ವರದಿ ಒಂದೊಂದೇ ಭೇಟಿಯ ನೂರಾರು ಸಾಲಾಗಿ ಚೆದುರುತ್ತದೆ. ದಾಖಲೆ ಉಳಿಸುವ ಅವಧಿ ಆರಂಭದಲ್ಲಿ 2 ತಿಂಗಳಿಗೆ ಇರುತ್ತದೆ, ಮೊದಲ ದಿನವೇ ಅದನ್ನು 14 ತಿಂಗಳಿಗೆ ಏರಿಸಿಬಿಡಿ.

ಅಂಕಿ ಓದುವಾಗ ಎರಡು ವಿಷಯ ನೆನಪಿರಲಿ. 1920 ಪಿಕ್ಸೆಲಿನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಸ್ಕೇಲ್ 125% ಇದ್ದರೆ 1536 ಎಂದೇ ಬರುತ್ತದೆ. 1366ರ ಪರದೆಯಲ್ಲಿ ಪುಟವನ್ನು 150% ಹಿಗ್ಗಿಸಿ ಓದುವವರು 911ರ ಸುಮಾರಿಗೆ ಕಾಣಿಸುತ್ತಾರೆ. 900–949ರ ಗುಂಪಿನಲ್ಲಿ ಡೆಸ್ಕ್‌ಟಾಪ್ ಭೇಟಿ ಜಾಸ್ತಿ ಇದ್ದರೆ ಅಕ್ಷರ ಸಣ್ಣದಾಗಿದೆಯೇ ಎಂದು ಮೊದಲು ನೋಡಿ. ಕನ್ನಡದ ಪಠ್ಯಕ್ಕೆ 18 ಪಿಕ್ಸೆಲ್, ಸಾಲಿನ ಎತ್ತರ 1.6ಕ್ಕಿಂತ ಕಡಿಮೆ ಬೇಡ. ಕಡಿಮೆಯಾದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ.

ಜಾಹೀರಾತು ತಡೆಯುವ ಬ್ರೌಸರುಗಳ ಭೇಟಿ ಇದರಲ್ಲಿ ಸೇರುವುದಿಲ್ಲ. ಇಷ್ಟಾದರೂ ಸಣ್ಣ ಸೈಟಿಗೆ ನಾಲ್ಕು ವಾರದ ಲೆಕ್ಕ ಧಾರಾಳ ಸಾಕು. ಐದರಲ್ಲಿ ಮೂರೂವರೆ ಅಂಕ. ಬ್ರೌಸರ್ ಸೈಜ್ ಮೊದಲಿನಂತೆ ತಾನಾಗಿ ಸಿಗುತ್ತಿದ್ದರೆ ನಾಲ್ಕೂವರೆ ಕೊಡಬಹುದಿತ್ತು.